ಪ್ರಾಡಕ್ಟ್ ಡಿಸೈನರ್ ಕೆಲಸ ಬಿಟ್ಟು ವರ್ಷವಾಯಿತು: ಕನ್ನಡ ಫಾಂಟ್ ವಿನ್ಯಾಸ ಹೊಟ್ಟೆಪಾಡಾದೀತೇ?

ಪ್ರಶ್ನೆ (ಪ್ರಾಡಕ್ಟ್ ಡಿಸೈನರ್, ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಹಲವು ವರ್ಷ ಹಣಪಾವತಿಯ ಆ್ಯಪ್‌ಗಳನ್ನು ವಿನ್ಯಾಸ ಮಾಡಿದ ನಾನು ಕಳೆದ ಯುಗಾದಿಯ ಹೊತ್ತಿಗೆ ಕೆಲಸ ಬಿಟ್ಟೆ. ಸಂಬಳದ ಬಗ್ಗೆಯಾಗಲಿ ಜೊತೆಗಿದ್ದವರ ಬಗ್ಗೆಯಾಗಲಿ ದೂರಿರಲಿಲ್ಲ. ಆದರೆ ಪರದೆಗಳನ್ನೆಲ್ಲ ಇಂಗ್ಲಿಷಿನಲ್ಲಿ ರೂಪಿಸಿ, ಬಿಡುಗಡೆಗೆ ವಾರವಿರುವಾಗ ಕನ್ನಡ ಅನುವಾದವನ್ನು ಅದೇ ಚೌಕಟ್ಟಿಗೆ ತುರುಕುವ ಪದ್ಧತಿಯನ್ನು ನೋಡಿ ನೋಡಿ, ಕನ್ನಡದಿಂದಲೇ ಶುರುವಾಗುವ ಒಂದು ಕೆಲಸವನ್ನು ಕೈಯಾರೆ ಮಾಡಬೇಕೆಂಬ ಆಸೆ ಬಲವಾಯಿತು.

ಈ ವರ್ಷ ಎರಡು ಕೆಲಸ ಹಿಡಿದಿದ್ದೇನೆ. ಮೊದಲನೆಯದು, ಮೊಬೈಲ್ ಪರದೆಯಲ್ಲಿ ಚಿಕ್ಕ ಅಳತೆಯಲ್ಲೂ ಓದಲು ಹಿತವಾಗುವ ಕನ್ನಡ ಫಾಂಟ್. ವರ್ಣಮಾಲೆಯ 49 ಅಕ್ಷರ ಬರೆದರೆ ಇದು ಮುಗಿಯುವುದಿಲ್ಲ. 34 ವ್ಯಂಜನಗಳಿಗೂ ಒತ್ತಕ್ಷರ ಬೇಕು, ಕಿ, ಕೆ, ಕೌ ಮುಂತಾದ ಗುಣಿತಗಳಲ್ಲಿ ತಲೆಕಟ್ಟು ರೂಪ ಬದಲಿಸುತ್ತದೆ, ಅರ್ಕಾವೊತ್ತಿನದು ಬೇರೆಯದೇ ಲೆಕ್ಕ. ಹೀಗೆ ಬರೆಯಬೇಕಾದ ಆಕಾರಗಳು ನೂರಾರಾಗುತ್ತವೆ, ಅವು ತಮ್ಮ ತಮ್ಮ ಜಾಗದಲ್ಲಿ ಕೂರಲು ಓಪನ್‌ಟೈಪ್ ಎಂಬ ಫಾಂಟ್ ಮಾದರಿಯ ನಿಯಮಗಳನ್ನೂ ಬರೆಯಬೇಕಾಗುತ್ತದೆ. ಎರಡನೆಯದು, ಮಂಡ್ಯ ಜಿಲ್ಲೆಯ ನಮ್ಮೂರಿನಲ್ಲಿ ಡೈರಿಗೆ ಹಾಲು ಹಾಕುವವರಿಗಾಗಿ ಒಂದು ಆ್ಯಪ್‌ನ ಮಾದರಿ. ಬೆಳಿಗ್ಗೆ, ಸಂಜೆ ಸಿಗುವ ಚೀಟಿಯಲ್ಲಿನ ಲೀಟರು, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ), ದರಗಳನ್ನು ಬರೆದಿಟ್ಟುಕೊಂಡು ಬಟವಾಡೆಯ ದಿನ ಬಂದ ಹಣಕ್ಕೆ ತಾಳೆ ನೋಡುವುದಷ್ಟೇ ಅದರ ಕೆಲಸ. ಫ್ಯಾಟ್‌ನ ಏರಿಳಿತದ ಗ್ರಾಫ್ ಬೇಕೇ ಎಂದು ಕೇಳಿದಾಗ ಅಮ್ಮ ಮತ್ತು ಅವರ ಓರಗೆಯವರು ಬೇಡವೆಂದರು. ಈ ಬಟವಾಡೆಗೆ ಎಷ್ಟು ಬರಬೇಕು ಎಂಬ ಒಂದು ಮೊತ್ತ ಮೊದಲ ಪರದೆಯಲ್ಲೇ ದಪ್ಪವಾಗಿ ಕಾಣಬೇಕು ಎಂದರು. ಈಗ ಅದು ಹಾಗೆಯೇ ಇದೆ.

ಉಳಿತಾಯ ಇನ್ನು ಕೆಲವು ತಿಂಗಳಿಗೆ ಸಾಕು. ಕನ್ನಡ ಫಾಂಟ್ ವಿನ್ಯಾಸವನ್ನೇ ನಂಬಿ ಬದುಕಲು ಸಾಧ್ಯವೇ? ಕಂಪನಿಯ ಕೆಲಸಕ್ಕೆ ಮರಳುವುದಾದರೆ ಈ ವರ್ಷವನ್ನು ಪೋರ್ಟ್‌ಫೋಲಿಯೊದಲ್ಲಿ (ಮಾಡಿದ ಕೆಲಸಗಳ ಸಂಗ್ರಹದಲ್ಲಿ) ಹೇಗೆ ತೋರಿಸಲಿ? ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ 1 (ಅಕ್ಷರ ವಿನ್ಯಾಸಕಿ, ಮಂಗಳೂರು)

ನೀವು ಹಿಡಿದಿರುವ ಕೆಲಸ ನನಗೆ ಬಹಳ ಪ್ರಿಯವಾದದ್ದು, ಆದ್ದರಿಂದಲೇ ನೇರವಾಗಿ ಹೇಳುತ್ತೇನೆ: ಕನ್ನಡ ಫಾಂಟನ್ನು ಬಿಡಿಯಾಗಿ ಮಾರಿ ಸಂಸಾರ ನಡೆಸುವುದು ಕಷ್ಟ. ನೋಟೋ ಸಾನ್ಸ್ ಕನ್ನಡ, ಬಲೂ ತಮ್ಮ, ಅನೇಕ್ ಕನ್ನಡದಂತಹ ಒಳ್ಳೆಯ ಫಾಂಟ್‌ಗಳು ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಡಿ.ಟಿ.ಪಿ. ಮಾಡುವವರಲ್ಲಿ ಅನೇಕರು ಯೂನಿಕೋಡ್‌ಗೆ (ಎಲ್ಲ ಲಿಪಿಗಳಿಗೂ ಇರುವ ಏಕರೂಪದ ಸಂಕೇತ ಪದ್ಧತಿಗೆ) ಮುಂಚಿನ ನುಡಿ ಫಾಂಟ್‌ಗಳಲ್ಲೇ ಇದ್ದಾರೆ. ಹಳೆಯ ಕಡತಗಳೆಲ್ಲ ಅದರಲ್ಲಿರುವಾಗ ಅವರು ಹೊಸ ಫಾಂಟಿಗೆ ಹಣ ಕೊಡುವುದು ಅಪರೂಪ.

ಹಣ ಇರುವುದು ಬೇಡಿಕೆಯ ಮೇರೆಗೆ ಮಾಡಿಕೊಡುವ ಕೆಲಸದಲ್ಲಿ, ಅಲ್ಲಿ ಒಂದೇ ಲಿಪಿ ಸಾಲುವುದಿಲ್ಲ. ಮುಂಬೈನ ಏಕ್ ಟೈಪ್ ಬಳಗದ ಅನೇಕ್ ಲ್ಯಾಟಿನ್ ಸೇರಿ ಹತ್ತು ಲಿಪಿಗಳಲ್ಲಿದೆ. ದೇಶದುದ್ದಕ್ಕೂ ವ್ಯವಹಾರವಿರುವ ಸಂಸ್ಥೆಗಳಿಗೆ ಬೇಕಾಗುವುದೂ ಅಂಥದ್ದೇ. ಕನ್ನಡದ ನಂತರ ತೆಲುಗನ್ನು ಕಲಿಯುವುದು ಸಹಜ ದಾರಿ, ಆದರೆ ತೆಲುಗಿನ ತಲಕಟ್ಟನ್ನು ನಮ್ಮ ತಲೆಕಟ್ಟಿನ ನಕಲಾಗಿ ಬರೆಯಬೇಡಿ. ತೆಲುಗು ಓದುವವರ ಕಣ್ಣಿಗೆ ಅದು ತಕ್ಷಣ ಕುಟುಕುತ್ತದೆ.

ಪರೀಕ್ಷೆಗೆ 'ಅರ್ಘ್ಯ', 'ವೈಶಿಷ್ಟ್ಯ', 'ರಾಷ್ಟ್ರೀಯ', 'ಸ್ತ್ರೀ' ಎಂಬ ಪದಗಳನ್ನು ಇಟ್ಟುಕೊಳ್ಳಿ. 'ಅರ್ಘ್ಯ'ದಲ್ಲಿ ಘಕಾರ, ಅದರ ಯಒತ್ತು, ಕೊನೆಗೆ ಅರ್ಕಾವೊತ್ತು ಎಂಬ ಕ್ರಮ ತಪ್ಪದೆ ಬರಬೇಕು. 'ರಾಷ್ಟ್ರೀಯ'ದಲ್ಲಿ ಟ, ರ ಎರಡೂ ಒತ್ತುಗಳು ಒಂದೇ ಅಕ್ಷರದ ಕೆಳಗೆ ಸೇರುವುದರಿಂದ, ಬರೆದ ಪ್ರತಿಯೊಂದು ಒತ್ತೂ ಒಂಟಿಯಾಗಿ ಚೆನ್ನಾಗಿದ್ದರೆ ಸಾಲದು, ಇನ್ನೊಂದರ ಜೊತೆಗೂ ಹೊಂದಬೇಕು. ಚಿಕ್ಕ ಅಳತೆಯ ಅಕ್ಷರಗಳನ್ನು ಅಭ್ಯಾಸ ಮಾಡಲು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಬಂದ ಕಿಟೆಲ್ ನಿಘಂಟನ್ನು ನೋಡಿ. ಸಾಧ್ಯವಾದರೆ ಹಳೆಯ ಮುದ್ರಿತ ಪ್ರತಿಯನ್ನೇ ನೋಡಿ, ಏಕೆಂದರೆ ಸ್ಕ್ಯಾನ್ ಮಾಡಿದ ಪುಟಗಳಲ್ಲಿ ಗೆರೆಗಳು ದಪ್ಪಗಾಗಿ ಒಳಗಿನ ಬಿಳಿ ಜಾಗ ಮುಚ್ಚಿಹೋಗಿರುತ್ತದೆ.

ಇಂಗ್ಲೆಂಡಿನ ರೆಡಿಂಗ್ ವಿಶ್ವವಿದ್ಯಾಲಯದಲ್ಲಿ ಅಕ್ಷರ ವಿನ್ಯಾಸದ ಸ್ನಾತಕೋತ್ತರ ಪದವಿ ಇದೆ. ಸಾಲ ಮಾಡಿ ಹೋಗುವ ಮುನ್ನ ಕೈಯಲ್ಲಿರುವ ಫಾಂಟನ್ನು ಮುಗಿಸಿ.

ಉತ್ತರ 2 (ವಿನ್ಯಾಸ ತಂಡದ ಮುಖ್ಯಸ್ಥ, ಬೆಂಗಳೂರು)

ನೇಮಕಾತಿಯ ಮೇಜಿನ ಈಚೆ ಬದಿಯಲ್ಲಿ ಕೂತವನಾಗಿ ಎರಡನೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಒಂದು ವರ್ಷದ ಬಿಡುವು ನನಗೆ ಯಾವತ್ತೂ ಅಡ್ಡಿಯಾಗಿ ಕಂಡಿಲ್ಲ. ಆ ವರ್ಷದಲ್ಲಿ ತೆಗೆದುಕೊಂಡ ತೀರ್ಮಾನಗಳು ಕಾಣಿಸದಿದ್ದರೆ ಮಾತ್ರ ತೊಂದರೆ.

ಪೋರ್ಟ್‌ಫೋಲಿಯೊದಲ್ಲಿ ಹಾಲಿನ ಲೆಕ್ಕದ ಆ್ಯಪ್ ಮೊದಲು ಬರಲಿ, ಫಾಂಟ್ ಅದರೊಳಗೆ ಕೆಲಸ ಮಾಡುತ್ತಿರುವುದು ಕಾಣಲಿ. ಗ್ರಾಫ್ ಬೇಡವೆಂದು ಹೇಳಿಸಿಕೊಂಡು ಮೊತ್ತವನ್ನು ಮುಂದೆ ತಂದಿರಲ್ಲ, ಆ ಭಾಗವನ್ನು ಎರಡು ಪರದೆಗಳ ಜೊತೆ ವಿವರವಾಗಿ ಬರೆಯಿರಿ. ಇನ್ನೊಂದು ಪುಟವನ್ನು ಸಾಲಿನ ಎತ್ತರಕ್ಕೇ ಮೀಸಲಿಡಿ. ಇಂಗ್ಲಿಷಿಗೆಂದು ಮಾಡಿದ, ಪರದೆಯಲ್ಲಿ ಒತ್ತುವ ಗುಂಡಿಯಲ್ಲಿ (ಬಟನ್) 16 ಪಿಕ್ಸೆಲ್ ಅಕ್ಷರಕ್ಕೆ 20 ಪಿಕ್ಸೆಲ್ ಸಾಲಿನ ಎತ್ತರವಿದ್ದು, ಅದರಲ್ಲಿ 'ರಾಷ್ಟ್ರೀಕೃತ ಬ್ಯಾಂಕ್' ಎಂದು ಹಾಕಿದರೆ ಒತ್ತುಗಳ ಬುಡ ಕತ್ತರಿಸಿಹೋಗುವ ಸಂಭವವಿದೆ. ಇದಕ್ಕೆ ಕೆಲವರು ಅಕ್ಷರವನ್ನೇ ಚಿಕ್ಕದು ಮಾಡಿಬಿಡುತ್ತಾರೆ. ವಯಸ್ಸಾದ ಓದುಗರಿಗೆ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಇದನ್ನು ನೀವು ಫಾಂಟಿನಲ್ಲಿ ಎಷ್ಟು ಸರಿಪಡಿಸಿದಿರಿ, ಪರದೆಯ ವಿನ್ಯಾಸದಲ್ಲಿ ಎಷ್ಟು ಸರಿಪಡಿಸಿದಿರಿ ಎಂದು ಪಕ್ಕಪಕ್ಕದಲ್ಲಿ ತೋರಿಸಿ. ಎರಡೂ ಕಡೆ ಕೈಹಾಕಬಲ್ಲವರು ನನಗೆ ಬಹಳ ಕಡಿಮೆ ಸಿಕ್ಕಿದ್ದಾರೆ.

ಹಳೆಯ ಸಂಸ್ಥೆಯಲ್ಲಿ ಮಾಡಿ, ಇನ್ನೂ ಜನರ ಕೈಗೆ ತಲುಪದ ಪರದೆಗಳನ್ನು ಮಾತ್ರ ದಯವಿಟ್ಟು ಹಾಕಬೇಡಿ. ಸೇರುವಾಗ ಸಹಿ ಮಾಡಿದ ಒಪ್ಪಂದವನ್ನು ಮತ್ತೊಮ್ಮೆ ಓದಿಕೊಳ್ಳಿ.

ಉತ್ತರ 3 (ಸ್ವತಂತ್ರ ವಿನ್ಯಾಸಕ, ಹುಬ್ಬಳ್ಳಿ)

ಮಂಗಳೂರಿನ ಮೇಡಂ ಹೇಳಿದ್ದರಲ್ಲಿ ಒಂದು ವಿಷಯಕ್ಕೆ ನನ್ನ ಸಹಮತವಿಲ್ಲ. ತೆಲುಗು ಈಗಲೇ ಬೇಡ. ಮೊದಲು ಕನ್ನಡದ ಸಾಧಾರಣ ತೂಕದ (ತೂಕ ಎಂದರೆ ಗೆರೆಯ ದಪ್ಪ) ಒಂದು ಫಾಂಟನ್ನು ಪೂರ್ತಿಗೊಳಿಸಿ ಯಾರು ಬೇಕಾದರೂ ಬಳಸಲು, ತಿದ್ದಲು ಬಿಡುವ ಓಪನ್ ಫಾಂಟ್ ಲೈಸೆನ್ಸ್‌ನಡಿ ಬಿಡುಗಡೆ ಮಾಡಿ. ಜನ ಬಳಸತೊಡಗಿದರೆ ನೀವು ಊಹಿಸಿರದ ಪದಗಳಲ್ಲಿನ ದೋಷಗಳನ್ನು ಅವರೇ ತೋರಿಸಿಕೊಡುತ್ತಾರೆ. ಹೀಗೆ ಬಿಟ್ಟ ಆವೃತ್ತಿಯನ್ನು ಮತ್ತೆ ಹಿಂದಕ್ಕೆ ಪಡೆಯಲು ಬರುವುದಿಲ್ಲ. ಆದ್ದರಿಂದ ದಪ್ಪ ಮತ್ತು ತೆಳು ತೂಕಗಳನ್ನು ಮಾರಾಟಕ್ಕೆ ಇಟ್ಟುಕೊಳ್ಳುವ ಯೋಚನೆಯಿದ್ದರೆ ಅದನ್ನು ಮುಂಚೆಯೇ ತೀರ್ಮಾನಿಸಿ.

ಹಣದ ಮಾತು. ಪೂರ್ತಿ ನೌಕರಿ, ಪೂರ್ತಿ ಫಾಂಟ್ ಎಂಬ ಎರಡೇ ದಾರಿಗಳಿಲ್ಲ. ವಾರದಲ್ಲಿ ಮೂರು ದಿನದ ಗುತ್ತಿಗೆ ಕೆಲಸ ಸಿಕ್ಕಿದರೆ ಮನೆಯ ಖರ್ಚು ನಡೆದು ಫಾಂಟಿಗೂ ಬಿಡುವು ಸಿಗುತ್ತದೆ. ನಾನು ಹೀಗೆಯೇ ನಡೆಸುತ್ತಿದ್ದೇನೆ. ನೌಕರಿ ಬಿಟ್ಟ ಮೇಲೆ ಸಂಸ್ಥೆಯ ಆರೋಗ್ಯ ವಿಮೆ ಇರುವುದಿಲ್ಲವಾದ್ದರಿಂದ ತಾಯಿಯವರನ್ನೂ ಸೇರಿಸಿ ಸ್ವಂತ ಪಾಲಿಸಿ ಮಾಡಿಸಿ. ಮೊದಲೇ ಇರುವ ಕಾಯಿಲೆಗಳಿಗೆ ಕಾಯುವ ಅವಧಿ ಇರುತ್ತದೆ, ತಡಮಾಡಿದಷ್ಟೂ ಅದು ಮುಂದಕ್ಕೆ ಹೋಗುತ್ತದೆ. ಸೇವೆಯ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ದಾಟಿದರೆ ಜಿ.ಎಸ್.ಟಿ. ನೋಂದಣಿ ಬೇಕಾಗುತ್ತದೆ, ಅದಕ್ಕೊಬ್ಬ ಲೆಕ್ಕಪರಿಶೋಧಕರನ್ನು ಗೊತ್ತುಮಾಡಿಕೊಳ್ಳಿ.

ಪ್ರಶ್ನೆ ಕೇಳಿದವರ ಮರುನುಡಿ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಸಾಧಾರಣ ತೂಕವನ್ನು ಮುಕ್ತವಾಗಿ ಬಿಡುವುದೆಂದು ನಿಶ್ಚಯಿಸಿದ್ದೇನೆ, ಮೂರು ದಿನದ ಗುತ್ತಿಗೆಗಾಗಿ ಪರಿಚಿತರೊಡನೆ ಮಾತು ಶುರುಮಾಡಿದ್ದೇನೆ. 'ಅರ್ಘ್ಯ' ಸರಿಯಾಗಿ ಬರುತ್ತಿದೆ. 'ರಾಷ್ಟ್ರೀಯ'ದಲ್ಲಿ ಮಾತ್ರ ರಒತ್ತು ಪಕ್ಕದ ಅಕ್ಷರವನ್ನು ಮುಟ್ಟುತ್ತಿದೆ. ಒತ್ತನ್ನು ಕಿರಿದಾಗಿಸಿದರೆ ಚಿಕ್ಕ ಅಳತೆಯಲ್ಲಿ ಅದು ಕಾಣುವುದಿಲ್ಲ, ಅಕ್ಷರಗಳ ನಡುವಿನ ಅಂತರ ಹೆಚ್ಚಿಸಿದರೆ ಪದ ಒಡೆದಂತಾಗುತ್ತದೆ. ಎರಡು ಒತ್ತುಗಳ ಜೋಡಿಗೆಂದೇ ಬೇರೆ ಆಕಾರ ಬರೆಯುವುದು ಒಳ್ಳೆಯದೇ?

ಉತ್ತರ 1ರ ಮೇಡಂ

ಹೌದು, ಬೇರೆಯೇ ಬರೆಯಿರಿ. ಇಂಥ ಜೋಡಿಗಳು ದಿನಬಳಕೆಯಲ್ಲಿ ಬಹಳವಿಲ್ಲ. ಷ್ಟ್ರ, ಸ್ತ್ರ, ಷ್ಟ್ಯ, ತ್ಸ್ಯಗಳಿಂದ ಆರಂಭಿಸಿ. ಟಒತ್ತನ್ನು ತುಸು ಎಡಕ್ಕೆ ಸರಿಸಿ, ರಒತ್ತಿನ ಬಾಲವನ್ನು ಅದರ ಕೆಳಗೆ ಸೇರಿಸಿ ನೋಡಿ. ಪರೀಕ್ಷಾ ಹಾಳೆಯನ್ನು ಇಲ್ಲಿ ಹಾಕಿದರೆ ಗೆರೆ ಎಳೆದು ತೋರಿಸುತ್ತೇನೆ.