ಮೊದಲ ಫೆಮ್ಟೊಸೆಕೆಂಡ್ ಪಲ್ಸ್‌ಗೆ ಸೆಸಾಮ್ ಬೇಕಾ, ಪೊಲರೈಸೇಶನ್ ಸಾಕಾ?

ತುಮಕೂರಿನ ಎಂ.ಎಸ್ಸಿ. ವಿದ್ಯಾರ್ಥಿಯ ಪ್ರಶ್ನೆ: ಫೈಬರ್ ಲೇಸರ್ ಕಟ್ಟಲು ನಮ್ಮ ಲ್ಯಾಬ್‌ನಲ್ಲಿ 976 ನ್ಯಾನೋಮೀಟರ್ ಪಂಪ್ ಡಯೋಡ್ (ಫೈಬರ್‌ಗೆ ಶಕ್ತಿ ತುಂಬುವ ಬೆಳಕು), ಬೆಳಕನ್ನು ವರ್ಧಿಸುವ ಎರ್ಬಿಯಂ ಫೈಬರ್ ಇವೆ. ಮೋಡ್-ಲಾಕ್ ಮಾಡಲು, ಅಂದರೆ ಬೆಳಕು ಸಮ ಅಂತರದ ಫೆಮ್ಟೊಸೆಕೆಂಡ್ (ನ್ಯಾನೋಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು) ಪಲ್ಸ್‌ಗಳಾಗಿ ಬರುವಂತೆ ಮಾಡಲು, ಸೆಸಾಮ್ ಕನ್ನಡಿ ಕೊಳ್ಳಬೇಕಾ, ಪೊಲರೈಸೇಶನ್ ವಿಧಾನ ಸಾಕಾ? ಪಲ್ಸ್ ಬಂದಿದೆ ಅಂತ ಗೊತ್ತಾಗೋದು ಹೇಗೆ?

ತುಮಕೂರಿನಿಂದಲೇ ಒಬ್ಬರು: ದುಡ್ಡಿದ್ದರೆ ಸೆಸಾಮ್ ತಗೊಳ್ಳಿ. ಪೊಲರೈಸೇಶನ್ ವಿಧಾನ (ಬೆಳಕಿನ ಕಂಪನದ ದಿಕ್ಕನ್ನು ಹೊಂದಿಸಿ ಜೋರು ಬೆಳಕು ಹೆಚ್ಚು ದಾಟುವಂತೆ ಮಾಡೋದು) ಅಗ್ಗ, ಪಲ್ಸ್ ಕೂಡ ಚಿಕ್ಕದಾಗಿ ಬರುತ್ತದೆ. ಆದರೆ ಬೆಳಿಗ್ಗೆ ಹೊಂದಿಸಿಟ್ಟದ್ದು ನಮ್ಮೂರಿನ ಏಪ್ರಿಲ್ ಮಧ್ಯಾಹ್ನಕ್ಕೆ ಕೈಕೊಡುತ್ತದೆ. ಫ್ಯಾನ್ ಗಾಳಿಗೆ ಫೈಬರ್ ಅಲ್ಲಾಡಿದರೂ ಸಾಕು. ಸೆಸಾಮ್ ಅರೆವಾಹಕದ ಕನ್ನಡಿ, ಉರ್ಸುಲಾ ಕೆಲ್ಲರ್ 1992ರಲ್ಲಿ ತೋರಿಸಿಕೊಟ್ಟದ್ದು. ಮಂದ ಬೆಳಕನ್ನು ನುಂಗುತ್ತದೆ, ಜೋರು ಬೆಳಕನ್ನು ವಾಪಸ್ ಕಳಿಸುತ್ತದೆ. ಹಾಗಾಗಿ ಪಲ್ಸ್ ತಾನಾಗಿಯೇ ಶುರುವಾಗುತ್ತದೆ. ಫೈಬರನ್ನು ಉಂಗುರದಂತೆ ಜೋಡಿಸಿದ ರಿಂಗ್‌ನಲ್ಲಿ ಹಾಕೋದಾದರೆ ಸರ್ಕ್ಯುಲೇಟರ್ ಒಂದು ಬೇಕು, ಅದು ಬೆಳಕನ್ನು ಕನ್ನಡಿಗೆ ಕಳಿಸಿ, ವಾಪಸ್ ಬಂದದ್ದನ್ನು ರಿಂಗ್‌ಗೆ ಸೇರಿಸುತ್ತದೆ.

ಚಿಕ್ಕಬಳ್ಳಾಪುರದಿಂದ: ಆಸಿಲೋಸ್ಕೋಪ್‌ನಲ್ಲಿ ಪಲ್ಸ್‌ಗಳ ಸಾಲು ಕಂಡ ತಕ್ಷಣ ಕುಣಿಯಬೇಡಿ. ಮೊದಲು ಲೆಕ್ಕ ಹಾಕಿ. ರಿಂಗ್ 5 ಮೀಟರ್ ಇದ್ದರೆ ಸುಮಾರು 41 ಮೆಗಾಹರ್ಟ್ಸ್, ಅಂದರೆ 24 ನ್ಯಾನೋಸೆಕೆಂಡಿಗೊಂದು ಪಲ್ಸ್ ಬರಬೇಕು. ಅಷ್ಟೇ ಅಂತರದಲ್ಲಿ, ಒಂದೇ ಎತ್ತರದಲ್ಲಿ ಬಂದರೆ ಒಳ್ಳೆ ಸೂಚನೆ. ಆಮೇಲೆ ಟೈಂಬೇಸನ್ನು (ಪರದೆಯ ಸಮಯದ ಅಳತೆ) ಮೈಕ್ರೋಸೆಕೆಂಡಿಗೆ ತಿರುಗಿಸಿ ನೋಡಿ. ಸಾಲು ಅಲೆಯಲೆಯಾಗಿ ಏರಿಳಿದರೆ ಅದು ಕ್ಯೂ-ಸ್ವಿಚಿಂಗ್ (ಶಕ್ತಿ ಕೂಡಿಟ್ಟು ಒಮ್ಮೆಲೇ ಹೊರಬಿಡೋದು) ಸೇರಿಕೊಂಡ ಲಾಕ್. ಹಾಗೇ ಬಿಟ್ಟರೆ ಸೆಸಾಮ್ ಸುಟ್ಟುಹೋದೀತು. ಪಂಪ್ ಕರೆಂಟ್ ಸ್ವಲ್ಪ ಏರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಜಾಸ್ತಿ ಏರಿಸಿದರೆ ಒಂದು ಪಲ್ಸ್ ಎರಡಾಗುತ್ತದೆ, ಅದೂ ತೊಂದರೆಯೇ.

ಫೆಮ್ಟೊಸೆಕೆಂಡ್ ಅಗಲವನ್ನು ಯಾವ ಫೋಟೋಡಯೋಡೂ ತೋರಿಸಲ್ಲ, ಅದಕ್ಕೆ ಆಟೋಕೋರಿಲೇಟರ್ (ಪಲ್ಸನ್ನು ಅದರದೇ ಪ್ರತಿಯೊಂದಿಗೆ ಹೋಲಿಸಿ ಅಗಲ ಅಳೆಯುವ ಉಪಕರಣ) ಬೇಕು. ಅದಿಲ್ಲದಿದ್ದರೆ ಸ್ಪೆಕ್ಟ್ರಮ್ ನೋಡಿ. 1550 ನ್ಯಾನೋಮೀಟರ್ ಹತ್ತಿರ 8 ನ್ಯಾನೋಮೀಟರ್ ಅಗಲ ಇದ್ದರೆ ಸೊಲಿಟಾನ್ (ಆಕಾರ ಕೆಡದೆ ಸಾಗುವ) ಪಲ್ಸ್ ಹೆಚ್ಚೆಂದರೆ 315 ಫೆಮ್ಟೊಸೆಕೆಂಡ್‌ವರೆಗೆ ಚಿಕ್ಕದಾಗಬಹುದು, ಅದಕ್ಕಿಂತ ಕೆಳಗೆ ಇಳಿಯಲ್ಲ. ಎರಡೂ ಪಕ್ಕ ಚೂಪು ಮುಳ್ಳುಗಳು ಎದ್ದಿದ್ದರೆ ಖುಷಿಪಡಿ. ಅವು ಕೆಲ್ಲಿ ಸೈಡ್‌ಬ್ಯಾಂಡ್, ಸೊಲಿಟಾನ್ ಲಾಕ್ ಆಗಿದೆ ಅನ್ನೋದರ ಗುರುತು.

ಕೋಲಾರದಿಂದ: ಇವರಿಬ್ಬರೂ ಕನೆಕ್ಟರ್ ವಿಷಯ ಬಿಟ್ಟೇ ಬಿಟ್ಟರಲ್ಲ! ಫೈಬರ್ ತುದಿಯನ್ನು ಸೆಸಾಮ್‌ಗೆ ಒತ್ತಿ ಕೂರಿಸೋದಾದರೆ ಆ ತುದಿ ಮಾತ್ರ ನೀಲಿ ಪಿಸಿ (ಓರೆಯಿಲ್ಲದ ಮುಖದ ಕನೆಕ್ಟರ್) ಇರಲಿ. ಹಸಿರು ಎಪಿಸಿಯ ಮುಖ ಓರೆ, ಬೆಳಕು ಸರಿಯಾಗಿ ವಾಪಸ್ ಬರಲ್ಲ. ಉಳಿದ ಕಡೆ ಎಪಿಸಿಯೇ ಒಳ್ಳೆಯದು, ಸಾಧ್ಯವಾದಷ್ಟು ಸ್ಪ್ಲೈಸ್ ಮಾಡಿಸಿ, ಅಂದರೆ ತುದಿಗಳನ್ನು ಕರಗಿಸಿ ಬೆಸೆಸಿ. ನಿಮ್ಮ ಬೀದಿಗೆ ಇಂಟರ್ನೆಟ್ ಎಳೆಯೋ ಹುಡುಗರ ಹತ್ತಿರ ಸ್ಪ್ಲೈಸಿಂಗ್ ಮೆಷಿನ್ ಇರುತ್ತದೆ ಅಲ್ವಾ, ಕೇಳಿ ನೋಡಿ. ಎರ್ಬಿಯಂ ಫೈಬರ್‌ಗೆ ಮಾತ್ರ ಸೆಟ್ಟಿಂಗ್ ಬೇರೆ. ಮೊದಲು ಚೂರೊಂದರ ಮೇಲೆ ಮಾಡಿಸಿ, ಬೆಸುಗೆಯಲ್ಲಿ ಬೆಳಕಿನ ಲಾಸ್ ಎಷ್ಟು ಅಂತ ಅಳೆದುಕೊಳ್ಳಿ. ಮತ್ತೆ, ಪಂಪ್ ಬೆಳಕು ಕಣ್ಣಿಗೆ ಕಾಣಲ್ಲ. ಡಯೋಡ್ ಆನ್ ಇದ್ದಾಗ ಸುಮ್ನೆ ಕೂಡ ಫೈಬರ್ ತುದಿಯೊಳಗೆ ಇಣುಕಬೇಡಿ.