ಚಿಕ್ಕ ಬಂದರಿನಲ್ಲಿ ಒಂದು ದಿನ: ಹಡಗಿನವರ ಟೂರ್ ಬೇಕಾ, ನಾವೇ ಸುತ್ತಬಹುದಾ?

ಕಡಲಹಕ್ಕಿ:
ಎಲ್ಲರಿಗೂ ನಮಸ್ಕಾರ. ನಾನು, ಹೆಂಡತಿ, ಅಮ್ಮ ಮೂವರೂ ಮೊದಲ ಸಲ ಕ್ರೂಸ್ ಹೋಗುತ್ತಿದ್ದೇವೆ. ದೊಡ್ಡ ಊರುಗಳ ಬಗ್ಗೆ ಬೇಕಾದಷ್ಟು ಮಾಹಿತಿ ಸಿಗುತ್ತದೆ, ಆದರೆ ನಮ್ಮ ದಾರಿಯಲ್ಲಿ ಎರಡು ಮೂರು ತೀರಾ ಚಿಕ್ಕ ಬಂದರುಗಳೂ ಇವೆ, ಅಲ್ಲಿ ಇಳಿದು ಏನು ಮಾಡೋದು ಅಂತ ಗೊತ್ತಾಗುತ್ತಿಲ್ಲ. ಪಟ್ಟಿಯಲ್ಲಿ ಬೆಳಗ್ಗೆ 8ರಿಂದ ಸಂಜೆ 5 ಅಂತಿದೆ, ಪಕ್ಕದಲ್ಲಿ ಟೆಂಡರ್ ಅಂತ ಬರೆದಿದೆ. ಅಂದರೆ ಅಷ್ಟೂ ಹೊತ್ತು ನಮ್ಮ ಕೈಯಲ್ಲಿರುತ್ತದಾ? ಹಡಗಿನವರ ಟೂರ್ ದುಬಾರಿ ಅನ್ನಿಸುತ್ತಿದೆ, ನಾವೇ ಹೋದರೆ ತಡವಾಗಿ ಹಡಗು ಬಿಟ್ಟುಹೋದೀತು ಅಂತ ಹೆಂಡತಿಗೆ ಭಯ. ಅಮ್ಮನಿಗೆ ಮಂಡಿ ನೋವು ಬೇರೆ. ನಡೆಯುತ್ತಾರೆ, ಆದರೆ ಮೆಟ್ಟಿಲು ಜಾಸ್ತಿ ಇದ್ದರೆ ಆಗೋದಿಲ್ಲ. ಹೋಗಿ ಬಂದವರು ದಯವಿಟ್ಟು ಹೇಳಿ.

ಲಂಗರು:
ಅಷ್ಟೂ ಹೊತ್ತು ಸಿಗೋದಿಲ್ಲ, ಆ ಲೆಕ್ಕ ಮೊದಲು ಬಿಡಿ. ಟೆಂಡರ್ ಅಂದರೆ ಹಡಗು ದಡಕ್ಕೆ ಬರೋದಿಲ್ಲ ಅಂತ. ಧಕ್ಕೆ, ಅಂದರೆ ಹಡಗು ಬಂದು ನಿಲ್ಲುವ ಕಟ್ಟೆ, ಚಿಕ್ಕದಿರುತ್ತದೆ, ಇಲ್ಲವೇ ನೀರಿನ ಆಳ ಸಾಲದು. ಅದಕ್ಕೆ ದೂರದಲ್ಲೇ ಲಂಗರು ಹಾಕಿ ಸಣ್ಣ ದೋಣಿಗಳಲ್ಲಿ ಜನರನ್ನು ದಡಕ್ಕೆ ಬಿಡುತ್ತಾರೆ. ಎಷ್ಟೋ ಹಡಗುಗಳಲ್ಲಿ ಪಕ್ಕಕ್ಕೆ ತೂಗುಹಾಕಿರುವ ಲೈಫ್‌ಬೋಟ್‌ಗಳಲ್ಲೇ ಕೆಲವನ್ನು ಇದಕ್ಕೆ ಬಳಸುತ್ತಾರೆ.

8 ಗಂಟೆ ಅನ್ನೋದು ಹಡಗು ಬಂದು ನಿಲ್ಲುವ ಹೊತ್ತು ಅಷ್ಟೇ. ಆಮೇಲೆ ಬಂದರಿನ ಅಧಿಕಾರಿಗಳ ಒಪ್ಪಿಗೆ ಸಿಗಬೇಕು, ದೋಣಿ ಇಳಿಸಬೇಕು. ಹಡಗಿನ ಟೂರ್ ತೆಗೆದುಕೊಂಡವರನ್ನು ಸಾಮಾನ್ಯವಾಗಿ ಮೊದಲು ಕಳಿಸುತ್ತಾರೆ, ಉಳಿದವರಿಗೆ ನಂಬರ್ ಚೀಟಿ ಕೊಟ್ಟು ಕೂರಿಸುತ್ತಾರೆ. ನೀವು ನೆಲದ ಮೇಲೆ ಕಾಲಿಡುವಾಗ ಒಂಬತ್ತೂವರೆ, ಹತ್ತು ಆದರೂ ಆಶ್ಚರ್ಯ ಇಲ್ಲ. ವಾಪಸ್ ಬರುವಾಗಲೂ ಹಾಗೇ. 5ಕ್ಕೆ ಹೊರಡುವ ಹಡಗಿಗೆ ಕೊನೆಯ ದೋಣಿ 4ಕ್ಕೋ 4:30ಕ್ಕೋ ಇರುತ್ತದೆ, ಆ ಕೊನೆಯ ಒಂದು ಗಂಟೆಯಲ್ಲಿ ಎಲ್ಲರೂ ಒಟ್ಟಿಗೇ ಬಂದು ನೆರಳಿಲ್ಲದ ಧಕ್ಕೆ ಮೇಲೆ ಉದ್ದ ಸಾಲು ನಿಲ್ಲುತ್ತಾರೆ. ಅಮ್ಮ ಜೊತೆಗಿದ್ದಾರೆ ಅಂದಮೇಲೆ ಮೂರಕ್ಕೇ ಹೊರಟುಬಿಡಿ. ಐದು ಗಂಟೆ ಸಿಗುತ್ತದೆ ಅಂತಿಟ್ಟುಕೊಂಡು ಪ್ಲಾನ್ ಮಾಡಿ.

ಗಡಿಯಾರದ ವಿಷಯ ಮರೆಯಬೇಡಿ. ಹಡಗಿನ ಟೈಮ್ ಮತ್ತು ದಡದ ಟೈಮ್ ಕೆಲವು ಕಡೆ ಬೇರೆ ಇರುತ್ತದೆ. ಮೊಬೈಲ್ ದಡದ ಸಿಗ್ನಲ್ ಹಿಡಿದ ತಕ್ಷಣ ತಾನಾಗಿಯೇ ಬದಲಾಗುತ್ತದೆ, ನೀವು ಅದನ್ನೇ ನಂಬಿಕೊಂಡು ಕೂತರೆ ಒಂದು ಗಂಟೆ ಹೋಯಿತು. ಕೈಗಡಿಯಾರ ಕಟ್ಟಿಕೊಂಡು ಅದನ್ನು ಹಡಗಿನ ಟೈಮಿಗೇ ಇಟ್ಟುಕೊಳ್ಳಿ.

ಇನ್ನು ಬಿಟ್ಟುಹೋಗುತ್ತದಾ ಅಂದರೆ, ಹೌದು, ಹೋಗುತ್ತದೆ. ಹಡಗಿನವರ ಟೂರಿನ ಬಸ್ಸೇ ತಡವಾದರೆ ಕಾಯುತ್ತಾರೆ, ಇಲ್ಲವೇ ಮುಂದಿನ ಬಂದರಿಗೆ ಅವರೇ ತಲುಪಿಸುತ್ತಾರೆ. ನೀವಾಗಿ ಹೋಗಿ ತಡವಾದರೆ ಮುಂದಿನ ಬಂದರಿಗೆ ನಿಮ್ಮ ಖರ್ಚಲ್ಲೇ ಹೋಗಿ ಸೇರಬೇಕು. ಹಿಂದಿನ ರಾತ್ರಿ ಕ್ಯಾಬಿನ್‌ಗೆ ಬರುವ ದಿನದ ಕಾರ್ಯಕ್ರಮದ ಹಾಳೆಯಲ್ಲೋ ಹಡಗಿನ ಆ್ಯಪ್‌ನಲ್ಲೋ ಆ ಊರಿನ ಪೋರ್ಟ್ ಏಜೆಂಟ್ (ದಡದಲ್ಲಿ ಹಡಗಿನವರ ಪರವಾಗಿ ಕೆಲಸ ನೋಡಿಕೊಳ್ಳುವವರು) ನಂಬರ್ ಇರುತ್ತದೆ, ಫೋಟೋ ಹೊಡೆದಿಟ್ಟುಕೊಳ್ಳಿ. ಜೊತೆಗೆ ಕ್ರೂಸ್ ಕಾರ್ಡ್ (ಹಡಗು ಹತ್ತುವಾಗ ಇಳಿಯುವಾಗ ತೋರಿಸುವ ಕಾರ್ಡ್), ಫೋಟೋ ಇರುವ ಗುರುತಿನ ಚೀಟಿ, ಒಂದು ದಿನದ ಮಾತ್ರೆ.

ನಡೆದು ನೋಡು:
ಟೈಮಿನ ಬಗ್ಗೆ ಮೇಲಿನವರು ಹೇಳಿದ್ದು ಸರಿ. ಆದರೆ ಅದನ್ನು ಓದಿ ಹೆದರಿ ಎಲ್ಲ ಕಡೆಗೂ ಟೂರ್ ಬುಕ್ ಮಾಡಬೇಡಿ. ಊರು ಎಲ್ಲಿದೆ ಅನ್ನೋದರ ಮೇಲೆ ಇದು ತೀರ್ಮಾನ ಆಗಬೇಕು. ಪಟ್ಟಿಯಲ್ಲಿ ರೋಮ್ ಅಂತ ಹಾಕಿರುತ್ತಾರೆ, ಹಡಗು ನಿಲ್ಲೋದು ಚಿವಿಟವೆಕ್ಕಿಯಾದಲ್ಲಿ, ರೋಮ್ ಅಲ್ಲಿಂದ ಇನ್ನೂ 70 ಕಿ.ಮೀ.ಗಿಂತ ದೂರ. ಅಂಥ ಕಡೆ ಹಡಗಿನವರ ಟೂರೇ ನೆಮ್ಮದಿ. ಅದೇ ಮಾಂಟೆನೆಗ್ರೊದ ಕೊಟೊರ್‌ನಲ್ಲಿ ಧಕ್ಕೆಯಿಂದ ರಸ್ತೆ ದಾಟಿದರೆ ಹಳೇ ಊರಿನ ಕೋಟೆ ಬಾಗಿಲು. ಅಲಾಸ್ಕಾದ ಸ್ಕ್ಯಾಗ್‌ವೇಯಲ್ಲೂ ಹಡಗಿನಿಂದ ಊರೊಳಗೆ ನಡೆದೇ ಹೋಗಬಹುದು. ಇಂಥಲ್ಲಿ ಬಸ್ಸಲ್ಲಿ ಕೂತು ಅರ್ಧ ದಿನ ಕಳೆಯೋದು ನಷ್ಟ. ಮ್ಯಾಪ್ ತೆಗೆದು ದೋಣಿ ಬಂದು ನಿಲ್ಲುವ ಜಾಗದಿಂದ ಊರಿಗೆ ಎಷ್ಟು ದೂರ, ಏರು ಎಷ್ಟಿದೆ ನೋಡಿ.

ಆ ದಿನ ಇನ್ನೆಷ್ಟು ಹಡಗು ಬರುತ್ತವೆ ಅಂತಲೂ ನೋಡಿ, ಎಷ್ಟೋ ಬಂದರುಗಳ ವೇಳಾಪಟ್ಟಿ ಇಂಟರ್‌ನೆಟ್‌ನಲ್ಲೇ ಸಿಗುತ್ತದೆ. ಒಂದೊಂದು ಹಡಗಿನಿಂದ ಎರಡು ಮೂರು ಸಾವಿರ ಜನ ಇಳಿದರೆ ಚಿಕ್ಕ ಊರು ತಡೆದುಕೊಳ್ಳೋದಿಲ್ಲ. ಗ್ರೀಸ್ ದೇಶದ ಸ್ಯಾಂಟೊರಿನಿ ದ್ವೀಪದಲ್ಲಿ ದಿನಕ್ಕೆ 8,000 ಕ್ರೂಸ್ ಪ್ರಯಾಣಿಕರು ಅಂತ ಮಿತಿ ಹಾಕಿದ್ದು, ಕ್ರೊಯೇಷಿಯಾದ ದುಬ್ರೋವ್ನಿಕ್‌ನಲ್ಲಿ ಒಂದು ಹೊತ್ತಿಗೆ ಎರಡೇ ಹಡಗು ಅಂತ ಮಾಡಿದ್ದು ಇದೇ ಕಾರಣಕ್ಕೆ.

ನಾನು ಮಾಡೋದು ಹೀಗೆ. ದೂರದ್ದು ಯಾವುದಾದರೂ ಇದ್ದರೆ ಇಳಿದ ತಕ್ಷಣ ಅಲ್ಲಿಗೇ ಹೋಗಿಬಿಡುತ್ತೇನೆ, ಆಮೇಲೆ ನಿಧಾನಕ್ಕೆ ಧಕ್ಕೆ ಕಡೆ ಬರುತ್ತಾ ಹತ್ತಿರದ್ದನ್ನೆಲ್ಲ ನೋಡುತ್ತೇನೆ. ಹೊತ್ತು ಕಳೆದಂತೆ ಹಡಗಿಗೆ ಹತ್ತಿರ ಆಗುತ್ತಿರುತ್ತೀರಿ, ಹಾಗಾಗಿ ತಲೆಬಿಸಿ ಇರೋದಿಲ್ಲ. ಧಕ್ಕೆ ಎದುರಿನ ಮೊದಲ ಬೀದಿ ಪೂರ್ತಿ ನಮ್ಮಂಥವರಿಗಾಗಿಯೇ ಇರುತ್ತದೆ, ಅಲ್ಲಿ ನಿಲ್ಲಬೇಡಿ. ಇನ್ನೆರಡು ಬೀದಿ ಒಳಗೆ ಹೋದರೆ ಊರಿನವರು ಕಾಣಿಸುತ್ತಾರೆ. ಮಕ್ಕಳು ಶಾಲೆ ಬಿಟ್ಟು ಬರುತ್ತಿರುತ್ತಾರೆ, ಯಾರೋ ದೋಣಿಯನ್ನು ದಡಕ್ಕೆಳೆದು ತಳಕ್ಕೆ ಅಂಟಿದ ಚಿಪ್ಪು ಕೆರೆಯುತ್ತಿರುತ್ತಾರೆ, ನಿಂತು ನೋಡಿದರೆ ಬೇಜಾರು ಮಾಡಿಕೊಳ್ಳೋದಿಲ್ಲ. ನನಗಂತೂ ಚಿಕ್ಕ ಬಂದರು ಇಷ್ಟ ಆಗೋದೇ ಇದಕ್ಕೆ, ನೋಡಲೇಬೇಕು ಅಂತ ಅಟ್ಟಿಸಿಕೊಂಡು ಬರುವ ಹತ್ತು ಜಾಗಗಳು ಅಲ್ಲಿ ಇರೋದಿಲ್ಲ.

ಅಪ್ಪನ ಜೊತೆ:
ಅಮ್ಮನ ವಿಷಯಕ್ಕೆ ಬರುತ್ತೇನೆ. ನಮ್ಮ ತಂದೆಗೂ ಕಾಲು ನೋವು, ಅವರ ಜೊತೆ ಇಂಥ ಬಂದರುಗಳಲ್ಲಿ ಇಳಿದಿದ್ದೇವೆ. ಕಷ್ಟ ಇರೋದು ಊರಲ್ಲಿ ಅಲ್ಲ, ದೋಣಿ ಹತ್ತುವ ಆ ಒಂದು ಹೆಜ್ಜೆಯಲ್ಲಿ. ಹಡಗಿನ ಕೆಳಗಿನ ಡೆಕ್‌ನಲ್ಲಿ ಒಂದು ಬಾಗಿಲು ತೆಗೆದಿರುತ್ತಾರೆ, ಹೊರಗೆ ಸಣ್ಣ ಕಟ್ಟೆ, ಪಕ್ಕದಲ್ಲಿ ದೋಣಿ ಅಲೆಗೆ ಮೇಲೆ ಕೆಳಗೆ ಆಡುತ್ತಿರುತ್ತದೆ. ಎರಡೂ ಕಡೆ ಸಿಬ್ಬಂದಿ ನಿಂತಿರುತ್ತಾರೆ. ಅವರು ಬೆರಳು ಹಿಡಿಯೋದಿಲ್ಲ, ಮೊಣಕೈ ಹತ್ತಿರ ಗಟ್ಟಿಯಾಗಿ ಹಿಡಿಯುತ್ತಾರೆ, ದೋಣಿ ಸಮಕ್ಕೆ ಬಂದಾಗ ಈಗ ಅಂತ ಹೇಳುತ್ತಾರೆ, ಆಗ ಮಾತ್ರ ಹೆಜ್ಜೆ ಇಡಬೇಕು. ಅಮ್ಮನಿಗೆ ಇದನ್ನು ಮೊದಲೇ ಹೇಳಿಡಿ. ಕೈಯಲ್ಲಿ ಚೀಲ ಇರಬಾರದು, ಎಲ್ಲ ಬೆನ್ನಿಗೆ ಹಾಕುವ ಬ್ಯಾಗಲ್ಲಿರಲಿ, ಕಾಲಿಗೆ ಹಿಂದೆ ಪಟ್ಟಿ ಇರುವ ಚಪ್ಪಲಿ ಇಲ್ಲವೇ ಶೂ. ಅಲೆ ಜೋರಿದ್ದರೆ ಗಾಲಿಕುರ್ಚಿಯವರನ್ನು ಬಿಡದೇ ಇರಬಹುದು.

ಇಳಿದ ಮೇಲೆ ಏರು ಇದೆಯಾ ನೋಡಿಕೊಳ್ಳಿ. ಮೇಲೆ ಸ್ಯಾಂಟೊರಿನಿ ಹೆಸರು ಬಂತಲ್ಲ, ಅಲ್ಲಿ ಹಳೇ ಬಂದರಿನಿಂದ ಮೇಲಿನ ಫಿರಾ ಊರಿಗೆ ಸುಮಾರು 600 ಮೆಟ್ಟಿಲು. ಬೇಡ ಅಂದರೆ ಕೇಬಲ್ ಕಾರ್ ಅಥವಾ ಕತ್ತೆ ಸವಾರಿ. ಕೇಬಲ್ ಕಾರಿಗೆ ಹೋಗುವಾಗಲೂ ಬರುವಾಗಲೂ ಸಾಲು, ಆ ಹೊತ್ತನ್ನೂ ನಿಮ್ಮ ಐದು ಗಂಟೆಯಲ್ಲೇ ಕಳೆಯಬೇಕು. ದಡದಲ್ಲಿ ಟಾಯ್ಲೆಟ್ ಹುಡುಕೋದು ಕಷ್ಟ, ಹಡಗಲ್ಲೇ ಮುಗಿಸಿಕೊಂಡು ಹೊರಡಿ. ಒಂದು ಬಂದರಿನಲ್ಲಿ ಅಮ್ಮ ನಾನು ಬರೋದಿಲ್ಲ ಅಂದರೆ ಬಲವಂತ ಮಾಡಬೇಡಿ, ಎಲ್ಲರೂ ಇಳಿದು ಹೋದ ಮೇಲೆ ಹಡಗು ಆರಾಮಾಗಿರುತ್ತದೆ.

ಕಡಲಹಕ್ಕಿ:
ತುಂಬಾ ಥ್ಯಾಂಕ್ಸ್, ಮೊಣಕೈ ವಿಷಯ ಅಮ್ಮನಿಗೆ ಈಗಲೇ ಓದಿ ಹೇಳಿದೆ. ಇನ್ನೊಂದು ಕೇಳಬೇಕಿತ್ತು. ಅಲೆ ತೀರಾ ಜೋರಿದ್ದರೆ ಇಳಿಸೋದೇ ಇಲ್ವಾ? ಆಗ ಕಟ್ಟಿದ ದುಡ್ಡು?

ಲಂಗರು:
ಇಳಿಸೋದಿಲ್ಲ. ಗಾಳಿ ಅಲೆ ನೋಡಿ ಕ್ಯಾಪ್ಟನ್ ತೀರ್ಮಾನ ಮಾಡುತ್ತಾರೆ, ಟೆಂಡರ್ ಬಂದರುಗಳಲ್ಲಿ ಇದು ಅಪರೂಪ ಏನಲ್ಲ. ಹಡಗಿನ ಟೂರ್ ದುಡ್ಡು ವಾಪಸ್ ಬರುತ್ತದೆ, ಆ ಬಂದರಿನ ತೆರಿಗೆಯನ್ನೂ ಸಾಮಾನ್ಯವಾಗಿ ನಿಮ್ಮ ಹಡಗಿನ ಖಾತೆಗೆ ಹಾಕುತ್ತಾರೆ. ಹೊರಗಿನವರ ಹತ್ತಿರ ಟ್ಯಾಕ್ಸಿಯೋ ಗೈಡೋ ಬುಕ್ ಮಾಡಿದ್ದರೆ ಅದು ಅವರ ನಿಯಮದ ಮೇಲೆ. ಹಡಗು ಬಾರದಿದ್ದರೆ ಪೂರ್ತಿ ದುಡ್ಡು ವಾಪಸ್ ಅಂತ ಬರೆದು ಕೊಡುವವರ ಹತ್ತಿರ ಮಾತ್ರ ಮುಂಗಡ ಕೊಡಿ. ಹಾಗೆ ಬರೆದುಕೊಡುವವರು ಎಷ್ಟೋ ಜನ ಇದ್ದಾರೆ, ಕೇಳಿ ನೋಡಿ.