ಮಳೆ ಹಿಡಿದೊಡನೆ ಬಿಟ್ಟುಹೋಗುವ ರೂಢಿಗಳನ್ನು ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ (ತೀರ್ಥಹಳ್ಳಿ ಕಡೆಯವನು, ಈಗ ಶಿವಮೊಗ್ಗ)

ನನಗೀಗ 43 ವರ್ಷ. ಲೆಕ್ಕಪತ್ರದ ಕೆಲಸವಾದ್ದರಿಂದ ಬೆಳಗ್ಗೆ ಹತ್ತರಿಂದ ಸಂಜೆ ಏಳರವರೆಗೆ ಕುರ್ಚಿಯ ಮೇಲೆಯೇ ಇರುತ್ತೇನೆ. ಎರಡು ವರ್ಷಗಳ ಹಿಂದೆ ವೈದ್ಯರು ರಕ್ತದೊತ್ತಡ ಮೇಲಿನ ಅಂಚಿಗೆ ಬಂದಿದೆಯೆಂದು ಎಚ್ಚರಿಸಿ, ಸದ್ಯಕ್ಕೆ ಮಾತ್ರೆ ಬೇಡ, ನಡಿಗೆ, ನಿದ್ದೆ, ಉಪ್ಪು ಈ ಮೂರನ್ನು ಸರಿಪಡಿಸಿಕೊಳ್ಳಿ ಎಂದರು. ಈ ವರ್ಷ ಸಂಕ್ರಾಂತಿಯ ಮರುದಿನದಿಂದ ಐದೂವರೆಗೆ ಎದ್ದು ತುಂಗೆಯ ದಡದ ಕಡೆಗೆ ಒಂದು ಗಂಟೆ ನಡೆಯುತ್ತಿದ್ದೆ, ಮೊಬೈಲನ್ನು ಬೇಗ ಬದಿಗಿಡುತ್ತಿದ್ದೆ, ಉಪ್ಪಿನಕಾಯಿಯನ್ನು ಪೂರ್ತಿ ಬಿಟ್ಟಿದ್ದೆ. ಆರಿದ್ರೆ ಮಳೆ ಹಿಡಿದ ಮೇಲೆ ನಾಲ್ಕು ದಿನ ನಡಿಗೆ ತಪ್ಪಿತು. ಅದರ ಹಿಂದೆಯೇ ಉಳಿದೆರಡೂ ಹೋದವು. ಹೋದ ವರ್ಷವೂ ಹೀಗೆಯೇ ಆಗಿತ್ತು. ಕೊರತೆ ಇರುವುದು ನನ್ನ ಮನಸ್ಸಿನ ಗಟ್ಟಿತನದಲ್ಲಿಯೋ ಅಥವಾ ನಾನು ಹಿಡಿದ ಕ್ರಮದಲ್ಲಿಯೋ ಎಂದು ಅನುಭವಿಗಳು ತಿಳಿಸಬೇಕಾಗಿ ವಿನಂತಿ.

ಉತ್ತರ 1 (ಸಾಗರ ತಾಲ್ಲೂಕು, ನಿವೃತ್ತ ಶಿಕ್ಷಕಿ)

ಐದು ತಿಂಗಳು ಬಿಡದೆ ನಡೆದವರ ಮನಸ್ಸು ಗಟ್ಟಿಯಿಲ್ಲವೆಂದು ನಾನಂತೂ ಒಪ್ಪುವುದಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಬೆಳಗ್ಗೆ ಬಚ್ಚಲ ಒಲೆಗೆ ಬೆಂಕಿ ಮಾಡಬೇಕೋ ಬೇಡವೋ ಎಂದು ಯಾರೂ ಯೋಚಿಸುತ್ತ ಕೂರುವುದಿಲ್ಲ. ಎದ್ದು ಮುಖ ತೊಳೆದದ್ದೇ ಕೈ ತಾನಾಗಿ ಸೌದೆಯ ಕಡೆಗೆ ಹೋಗುತ್ತದೆ. ರೂಢಿಯೆಂದರೆ ಇದೇ, ಒಂದು ಕೆಲಸದ ಬೆನ್ನಿಗೆ ಇನ್ನೊಂದು ಕೆಲಸ ಅಂಟಿಕೊಂಡಿರುವುದು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 96 ಮಂದಿ, ದಿನವೂ ತಪ್ಪದೆ ನಡೆಯುವ ಒಂದು ಸಂದರ್ಭದ ಜೊತೆಗೆ, ಉದಾಹರಣೆಗೆ ತಿಂಡಿಯಾದ ಮೇಲೆ ಎಂಬಂತೆ, ಹೊಸದೊಂದು ಸಣ್ಣ ಕೆಲಸವನ್ನು ಜೋಡಿಸಿಕೊಂಡರು. ಅದು ಯೋಚನೆಯಿಲ್ಲದೆ ಆಗುವಷ್ಟು ರೂಢಿಯಾಗಲು ಸಾಮಾನ್ಯವಾಗಿ 66 ದಿನಗಳು ಹಿಡಿದವು. ಆದರೆ ವ್ಯಕ್ತಿಗೂ ಕೆಲಸಕ್ಕೂ ತಕ್ಕಂತೆ ಈ ಅವಧಿ 18ರಿಂದ 254 ದಿನಗಳವರೆಗೆ ವ್ಯತ್ಯಾಸವಾಯಿತು. ನಡುವೆ ಒಂದು ದಿನ ತಪ್ಪಿದ್ದರಿಂದ ರೂಢಿ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯಾಗಲಿಲ್ಲವೆಂಬುದನ್ನೂ ಅವರು ಕಂಡುಕೊಂಡರು. ನಿಮ್ಮ ನಡಿಗೆ ಅಂಟಿಕೊಂಡಿದ್ದದ್ದು ಒಣಗಿದ ರಸ್ತೆಗೆ ಮತ್ತು ಮೋಡವಿಲ್ಲದ ಬೆಳಗಿಗೆ. ಮಳೆಗಾಲದಲ್ಲಿ ಆ ಎರಡೂ ಇರುವುದಿಲ್ಲವಾದ್ದರಿಂದ ನಡಿಗೆಯೂ ಉಳಿಯಲಿಲ್ಲ.

ನನಗೆ ಮೊಣಕಾಲು ನೋವು ಶುರುವಾದ ವರ್ಷ, ಹಂಡೆಯ ನೀರು ಕಾಯುವವರೆಗೆ ಜಗುಲಿಯಲ್ಲಿ ಆ ತುದಿಯಿಂದ ಈ ತುದಿಗೆ ನಡೆಯುವುದೆಂದು ಗೊತ್ತುಮಾಡಿಕೊಂಡೆ. ಮೊದಲು ಐದು ನಿಮಿಷವಷ್ಟೇ ಆಗುತ್ತಿತ್ತು. ಈಗ ಆರು ವರ್ಷಗಳಾದವು, ಹೊರಗೆ ಎಂಥ ಮಳೆ ಸುರಿದರೂ ನಿಂತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಚಟುವಟಿಕೆಯನ್ನು ಸೂಚಿಸುತ್ತದೆ. ಒಮ್ಮೆಗೆ ಕನಿಷ್ಠ ಹತ್ತು ನಿಮಿಷವಾದರೂ ಇರಬೇಕೆಂಬ ಹಳೆಯ ನಿಬಂಧನೆಯನ್ನು 2020ರಲ್ಲಿ ಕೈಬಿಟ್ಟಿದೆ. ಆದ್ದರಿಂದ ಮನೆಯೊಳಗಿನ ಚುರುಕಾದ ಐದು ನಿಮಿಷವೂ ಲೆಕ್ಕಕ್ಕೆ ಸೇರುತ್ತದೆ.

ಉತ್ತರ 2 (ಹೊಸನಗರ)

ಉಪ್ಪಿನ ಬಗ್ಗೆ ಮಾತ್ರ ಹೇಳುತ್ತೇನೆ. ದಿನಕ್ಕೆ ಐದು ಗ್ರಾಮಿಗಿಂತ ಕಡಿಮೆ, ಎಂದರೆ ಒಂದು ಸಣ್ಣ ಚಮಚದೊಳಗೆ ಇರಬೇಕು. ಮಲೆನಾಡಿನಲ್ಲಿ ಹಸಿ ತರಕಾರಿ ಕಡಿಮೆಯಾಗುವ ಮಳೆಗಾಲದಲ್ಲಿಯೇ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಮಜ್ಜಿಗೆ ಮೆಣಸು ಎಲ್ಲವೂ ಒಟ್ಟಿಗೆ ತಟ್ಟೆಗೆ ಬರುತ್ತವೆ. ಅಪ್ಪೆಮಿಡಿಯನ್ನು ಪೂರ್ತಿ ಬಿಡುತ್ತೇನೆಂದವರು ಬಿಟ್ಟದ್ದನ್ನು ನಾನು ನೋಡಿಲ್ಲ. ಊಟಕ್ಕೆ ಇವುಗಳಲ್ಲಿ ಒಂದೇ ಎಂದು ನಿಯಮ ಮಾಡಿಕೊಳ್ಳಿ. ಒಂದೆಲಗ, ದೊಡ್ಡಪತ್ರೆ ಮಳೆಯಲ್ಲಿ ಹಿತ್ತಿಲ ತುಂಬ ಚಿಗುರುತ್ತವೆ. ಹುಳಿ ಮಜ್ಜಿಗೆಯ ತಂಬುಳಿ ಮಾಡಿದರೆ ಅರ್ಧ ಉಪ್ಪಿಗೇ ರುಚಿ ಹತ್ತುತ್ತದೆ.

ಉತ್ತರ 3 (ಶಿವಮೊಗ್ಗ, ಶುಶ್ರೂಷಕಿ)

ಟೀಚರ್ ಹೇಳಿದ್ದು ಸರಿಯಾಗಿದೆ. ಆದರೆ ಐದೂವರೆಗೇ ಏಳಬೇಕೆಂಬ ಹಟವನ್ನು ಬಿಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಮನೆಗೆ ಬಂದು ಊಟ ಮುಗಿಸಿ ಹನ್ನೊಂದೂವರೆಗೆ ಮಲಗುವವರಿಗೆ ಆರೇ ಗಂಟೆ ನಿದ್ದೆಯಾಗುತ್ತದೆ. ವಯಸ್ಕರಿಗೆ ಕನಿಷ್ಠ ಏಳು ಗಂಟೆ ಬೇಕು. ಆರೂವರೆಗೇ ಏಳಿ, ಆದರೆ ಭಾನುವಾರವೂ ಅದೇ ಸಮಯಕ್ಕೆ ಏಳಿ. ಎದ್ದ ಮೇಲೆ ಸ್ವಲ್ಪ ಹೊತ್ತು ಹೊರಗಿನ ಬೆಳಕಿನಲ್ಲಿರಿ. ಮೋಡ ಕವಿದ ದಿನವೂ ಹೊರಗಿನ ಬೆಳಕು ಕೋಣೆಯ ದೀಪಕ್ಕಿಂತ ಹಲವು ಪಟ್ಟು ಹೆಚ್ಚಿರುತ್ತದೆ, ರಾತ್ರಿ ಸಕಾಲಕ್ಕೆ ನಿದ್ದೆ ಬರಲು ಅದು ನೆರವಾಗುತ್ತದೆ.

ಜೊತೆಗೆ, ರಕ್ತದೊತ್ತಡವನ್ನು ಈಚೆಗೆ ಅಳೆಸಿದ್ದೀರಾ? ಬೆಳಗ್ಗೆ ಕಾಫಿಗೆ ಮೊದಲು, ಐದು ನಿಮಿಷ ಸುಮ್ಮನೆ ಬೆನ್ನೊರಗಿಸಿ ಕುಳಿತು, ನಂತರ ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ರೂಢಿ ಕುದುರಲಿ ಎಂದು ಕಾಯುತ್ತ ವೈದ್ಯರ ಭೇಟಿಯನ್ನು ದಯವಿಟ್ಟು ಮುಂದೂಡಬೇಡಿ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಧನ್ಯವಾದಗಳು. ನಮ್ಮ ಮನೆಯಲ್ಲಿ ಹಂಡೆಯಿಲ್ಲ, ಗೀಸರ್ ಇದೆ. ಆದರೆ ಹಾಲಿನ ಪ್ಯಾಕೆಟ್ ತರಲು ದಿನವೂ ಕೆಳಗಿಳಿಯುವವನು ನಾನೇ. ನಾಳೆಯಿಂದ ಹಾಲು ಕೈಗೆ ಬಂದ ಮೇಲೆ ಕೆಳಮಹಡಿಯ ವಾಹನ ನಿಲ್ದಾಣದಲ್ಲಿ ಹತ್ತು ನಿಮಿಷ ನಡೆದೇ ಮೇಲೆ ಹತ್ತುತ್ತೇನೆ. ಉಪ್ಪಿನಕಾಯಿಯ ನಿಯಮವನ್ನು ಅಮ್ಮನಿಗೂ ಫೋನಿನಲ್ಲಿ ತಿಳಿಸಿದ್ದೇನೆ, ಏಕೆಂದರೆ ಭರಣಿ ಬರುವುದು ಅವರಿಂದಲೇ. ವೈದ್ಯರನ್ನು ಶನಿವಾರ ಕಾಣುತ್ತೇನೆ.